ಬಾಗಿಲು ತೆರೆಯಿರಿ, ಅಗುಳಿ ಮಾತ್ರ ಕೊಡಬೇಡಿ: ಒಪ್ಪಂದಗಳಿಗೆ ಸಹಿ ಹಾಕುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಅಭಿವೃದ್ಧಿಶೀಲ ದೇಶಗಳ ಪರವಾಗಿ ವ್ಯಾಪಾರ ಒಪ್ಪಂದ, ಹೂಡಿಕೆ ಒಪ್ಪಂದ, ಸಾಲದ ಕರಾರುಗಳಿಗೆ ಸಹಿ ಹಾಕುವ ಸಚಿವರಿಗೆ, ಕಾರ್ಯದರ್ಶಿಗಳಿಗೆ, ಸಂಧಾನದ ಮೇಜಿಗೆ ಕೂರುವ ಅಧಿಕಾರಿಗಳಿಗೆ ಈ ಪತ್ರ ಬರೆಯುತ್ತಿದ್ದೇವೆ. ಈ ಕರಾರುಗಳ ಒಂದೊಂದು ಕಲಮನ್ನೂ ಓದಿ, ಅದು ಹತ್ತು ವರ್ಷದ ಮೇಲೆ ಯಾರ ಕೊರಳಿಗೆ ಸುತ್ತಿಕೊಂಡಿತು ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸ.

ಜಾಗತೀಕರಣ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಜಾಗತೀಕರಣವೇನೂ ಮಳೆಗಾಳಿಯಂತೆ ತಾನಾಗಿ ಬೀಸಿಬಂದದ್ದಲ್ಲ. 1994ರ ಏಪ್ರಿಲ್ 15ರಂದು ಮರ್ರಾಕೆಶ್‌ನಲ್ಲಿ ಸಹಿಯಾದ ಕಾಗದಗಳಿಂದ, 1995ರ ಜನವರಿ 1ರಂದು ಶುರುವಾದ ವಿಶ್ವ ವ್ಯಾಪಾರ ಸಂಸ್ಥೆಯಿಂದ (ಡಬ್ಲ್ಯುಟಿಒ), ಅದಕ್ಕೂ ಮೊದಲು ಮತ್ತು ಆಮೇಲೆ ಮಾಡಿಕೊಂಡ ಸಾವಿರಾರು ದ್ವಿಪಕ್ಷೀಯ ಒಪ್ಪಂದಗಳಿಂದ ಅದು ಕಟ್ಟಿಕೊಂಡಿದೆ. ಬರೆದದ್ದನ್ನು ಓದಬಹುದು, ಬರೆಯುವ ಮುನ್ನ ತಿದ್ದಲೂಬಹುದು.

ಹೊರಗಿನ ಸರಕಿಗೆ, ಹಣಕ್ಕೆ, ತಂತ್ರಜ್ಞಾನಕ್ಕೆ ಬಾಗಿಲು ತೆರೆದು ಉದ್ಧಾರವಾದ ದೇಶಗಳಿವೆ. ಚೀನಾ 1980ರಲ್ಲಿ ಶೆನ್‌ಜೆನ್‌ನಲ್ಲಿ ವಿಶೇಷ ಆರ್ಥಿಕ ವಲಯ ತೆರೆಯಿತು. ಡಬ್ಲ್ಯುಟಿಒಗೆ ಸೇರಿದ್ದು 2001ರ ಡಿಸೆಂಬರ್‌ನಲ್ಲಿ. ನಡುವಿನ 21 ವರ್ಷ ಯಾವುದನ್ನು ಎಷ್ಟು ತೆರೆಯಬೇಕೆಂದು ತಾನೇ ತೀರ್ಮಾನಿಸಿತು. ಬಂಡವಾಳದ ಹರಿವಿನ ಮೇಲಿನ ಹಿಡಿತವನ್ನಂತೂ ಅದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ವಿಯೆಟ್ನಾಂ 1986ರಲ್ಲಿ ಸುಧಾರಣೆ ಶುರುಮಾಡಿ 2007ರಲ್ಲಿ ಡಬ್ಲ್ಯುಟಿಒ ಸೇರಿತು, ಅಲ್ಲಿಯೂ 21 ವರ್ಷವೇ. ಮಾರಿಷಸ್ 1970ರಲ್ಲಿ ರಫ್ತು ವಲಯಕ್ಕೆ ಸುಂಕವಿಲ್ಲದ ದಾರಿ ಮಾಡಿಕೊಟ್ಟು, ಒಳಗಿನ ಮಾರುಕಟ್ಟೆಗೆ ಬೇಲಿಯನ್ನು ಹಾಗೆಯೇ ಉಳಿಸಿಕೊಂಡಿತು. ಇವರೆಲ್ಲ ಬಾಗಿಲು ತೆರೆದವರೇ. ಆದರೆ ಅಗುಳಿ ಒಳಗಡೆ, ಅವರ ಕೈಯಲ್ಲೇ ಇತ್ತು. ತಪ್ಪಿದ್ದು ಗೊತ್ತಾದಾಗ ಬಾಗಿಲನ್ನು ಅರ್ಧ ಮುಚ್ಚಿ, ಸರಿಮಾಡಿ, ಮತ್ತೆ ತೆರೆದರು.

ಒಪ್ಪಂದದಲ್ಲಿ ಸುಂಕವನ್ನೇ ಇಳಿಸಿ, ಮಾರುಕಟ್ಟೆಯನ್ನೇ ತೆರೆಯಿರಿ. ಹಿಂದೆ ಸರಿಯುವ ಹಕ್ಕನ್ನು ಮಾತ್ರ ಬರೆದುಕೊಡಬೇಡಿ. ಈ ಪತ್ರದಲ್ಲಿ ನಮ್ಮ ಕೋರಿಕೆ ಇಷ್ಟೇ. ಆ ಹಕ್ಕು ಯಾವ ಯಾವ ಕಲಮಿನಲ್ಲಿ ಸದ್ದಿಲ್ಲದೆ ಕೈಜಾರುತ್ತದೆ ಎಂಬುದನ್ನು ಮುಂದೆ ತೋರಿಸುತ್ತೇವೆ.

ಮೊದಲು ಸುಂಕದ ಪಟ್ಟಿ. ಒಪ್ಪಂದದ ಮುಖ್ಯ ಪಠ್ಯಕ್ಕಿಂತ ಅನುಬಂಧದ ಈ ಪಟ್ಟಿಯೇ ದಪ್ಪ. ಒಂದೊಂದು ಸರಕಿಗೆ ಒಂದೊಂದು ಸಾಲು, ಸಾಲಿನ ಮೊದಲಿಗೆ ಆರು ಅಂಕಿಯ ಸಂಕೇತ. ಗೋಡಂಬಿಯನ್ನೇ ನೋಡಿ. 0801.31 ಎಂದರೆ ಸಿಪ್ಪೆಸಹಿತ ಬೀಜ, 0801.32 ಎಂದರೆ ಸಿಪ್ಪೆ ತೆಗೆದದ್ದು. ವ್ಯತ್ಯಾಸ ಕೊನೆಯ ಒಂದು ಅಂಕಿಯದು, ಆದರೆ ಒಂದು ದೇಶದ ಗೋಡಂಬಿ ಕಾರ್ಖಾನೆಗಳೆಲ್ಲ ಆ 31ಕ್ಕೂ 32ಕ್ಕೂ ನಡುವೆ ಇರುತ್ತವೆ. ಮೊಜಾಂಬಿಕ್‌ನಲ್ಲಿ ಕಚ್ಚಾ ಗೋಡಂಬಿಯ ರಫ್ತಿನ ಮೇಲೆ ಮೊದಲು ನಿಷೇಧವಿತ್ತು, ಆಮೇಲೆ ದೊಡ್ಡ ತೆರಿಗೆಯಿತ್ತು. ಬೀಜ ದೇಶದೊಳಗೇ ಸುಲಿದು ಹೊರಹೋಗಲಿ ಎಂಬುದು ಅದರ ಉದ್ದೇಶ. 1990ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕ್ ಸಾಲದ ಷರತ್ತಾಗಿ ಆ ತೆರಿಗೆಯನ್ನು ಇಳಿಸಲು ಹೇಳಿತು. ತರ್ಕ ಸರಳವಾಗಿತ್ತು: ರಫ್ತು ಮುಕ್ತವಾದರೆ ರೈತನಿಗೆ ಹೆಚ್ಚು ಬೆಲೆ ಸಿಗುತ್ತದೆ. ತೆರಿಗೆ ಇಳಿಯಿತು, ಬೀಜ ಸುಲಿಯುವುದಕ್ಕೆ ಭಾರತಕ್ಕೆ ಹೋಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸುಮಾರು 10,000 ಕಾರ್ಮಿಕರಲ್ಲಿ ಬಹುಪಾಲು ಮಂದಿ ಬೀದಿಗೆ ಬಿದ್ದರು. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ, ಗೋಡಂಬಿ ಬೆಳೆಯುವ ಸರಾಸರಿ ಕುಟುಂಬಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ್ದು ವರ್ಷಕ್ಕೆ ಐದು ಡಾಲರ್‌ನ ಆಸುಪಾಸು.

ತರ್ಕ ಸರಿಯಿದ್ದರೂ ಫಲ ಏಕೆ ಹೀಗಾಯಿತು? ರೈತನಿಗೂ ಬಂದರಿಗೂ ನಡುವೆ ಇದ್ದದ್ದು ಕೆಲವೇ ವ್ಯಾಪಾರಿಗಳು. ಬಂದರಿನಲ್ಲಿ ಬೆಲೆ ಏರಿದರೂ ಆ ಏರಿಕೆ ಹೆಚ್ಚಾಗಿ ಅವರ ಕೈಯಲ್ಲೇ ಉಳಿಯಿತು. ಸ್ಪರ್ಧೆಯಿಲ್ಲದ ಕಡೆ ಸುಂಕ ತೆಗೆದರೆ ಲಾಭ ಕೆಳಗಿಳಿಯುವುದಿಲ್ಲ. 1999ರಲ್ಲಿ ಅಲ್ಲಿನ ಸಂಸತ್ತು ಕಚ್ಚಾ ಬೀಜದ ರಫ್ತು ತೆರಿಗೆಯನ್ನು ಶೇ 18ರಿಂದ 22ರ ಮಟ್ಟಕ್ಕೆ ಮತ್ತೆ ಏರಿಸಿತು. 2000ದ ದಶಕದಲ್ಲಿ ಕೈಯಿಂದ ಸುಲಿಯುವ ಸಣ್ಣ ಘಟಕಗಳು ತಲೆಯೆತ್ತಿದವು. ಹಳೆಯ ದೊಡ್ಡ ಯಂತ್ರಗಳು ಮತ್ತೆ ತಿರುಗಲಿಲ್ಲ.

ಸುಂಕದ ಪಟ್ಟಿಯ ಸಾಲಿನಲ್ಲಿ ಎರಡು ಅಂಕಿಗಳನ್ನು ಸದಾ ಬೇರೆಬೇರೆಯಾಗಿ ನೋಡಬೇಕು. ಬದ್ಧ ಸುಂಕ ಎಂದರೆ ಡಬ್ಲ್ಯುಟಿಒದಲ್ಲಿ ‘ಇದಕ್ಕಿಂತ ಮೇಲೆ ಏರಿಸುವುದಿಲ್ಲ’ ಎಂದು ಮಾತು ಕೊಟ್ಟ ಗರಿಷ್ಠ ಮಿತಿ. ಜಾರಿ ಸುಂಕ ಎಂದರೆ ಇವತ್ತು ಬಂದರಿನಲ್ಲಿ ನಿಜವಾಗಿ ವಸೂಲಾಗುತ್ತಿರುವುದು. ಬದ್ಧ ಸುಂಕ ಶೇ 90, ಜಾರಿ ಸುಂಕ ಶೇ 20 ಎಂದಿದ್ದರೆ ನಡುವಿನ 70 ಅಂಶ ನಿಮ್ಮ ಉಸಿರಾಟದ ಜಾಗ. ಹೊರಗಿನ ಬೆಲೆ ಕುಸಿದ ವರ್ಷ ಸುಂಕ ಏರಿಸಬಹುದು, ಯಾರಿಗೂ ಉತ್ತರ ಕೊಡಬೇಕಿಲ್ಲ. ದ್ವಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಕಡಿತ ಶುರುವಾಗುವ ‘ಮೂಲ ದರ’ ಸಾಮಾನ್ಯವಾಗಿ ಜಾರಿ ಸುಂಕವೇ ಆಗಿರುತ್ತದೆ. ಜೊತೆಗೆ ‘ಯಥಾಸ್ಥಿತಿ’ ಎಂಬ ಒಂದೇ ಸಾಲಿನ ಕಲಮು ಇರುತ್ತದೆ: ಸಹಿಯಾದ ದಿನದ ದರಕ್ಕಿಂತ ಮೇಲೆ ಏರಿಸಕೂಡದು. ಆ ದೇಶದ ಸರಕಿನ ಮಟ್ಟಿಗೆ ಆ ಒಂದು ಸಾಲಿನಲ್ಲಿ 70 ಅಂಶದ ಜಾಗವೂ ಮುಗಿಯಿತು. ಸುಂಕ ಕಡಿತದ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಗುತ್ತದೆ, ಈ ಸಾಲಿನ ಬಗ್ಗೆ ಆಗುವುದಿಲ್ಲ.

ಜಾಗ ಕಾಗದದ ಮೇಲಿದ್ದೂ ಕೈ ಕಟ್ಟಿರುವುದುಂಟು. 2003ರಲ್ಲಿ ಘಾನಾದ ಸಂಸತ್ತು ಕೋಳಿಮಾಂಸದ ಆಮದು ಸುಂಕವನ್ನು ಶೇ 20ರಿಂದ 40ಕ್ಕೆ ಏರಿಸುವ ಕಾನೂನು ಮಾಡಿತು. ಹೊರಗಿನಿಂದ ಅಗ್ಗದ, ಹೆಪ್ಪುಗಟ್ಟಿಸಿದ ಕೋಳಿ ತುಂಡುಗಳು ಬಂದು ಸ್ಥಳೀಯ ಸಾಕಣೆದಾರರು ನೆಲಕಚ್ಚುತ್ತಿದ್ದರು. ಶ್ರೀಮಂತ ದೇಶಗಳಲ್ಲಿ ಎದೆಯ ಮಾಂಸಕ್ಕೆ ಒಳ್ಳೆಯ ಬೆಲೆ. ಕಾಲು, ರೆಕ್ಕೆ, ಬೆನ್ನು ಅವರಿಗೆ ಉಳಿಕೆ ಸರಕು. ಉಳಿಕೆಯ ಬೆಲೆಗೆ ಮಾರುವವನ ಮುಂದೆ ಇಡೀ ಕೋಳಿ ಸಾಕಿ ಮಾರುವವನು ನಿಲ್ಲಲಾರ, ಅವನು ಎಷ್ಟೇ ದಕ್ಷನಿರಲಿ. ಡಬ್ಲ್ಯುಟಿಒದಲ್ಲಿ ಘಾನಾ ಒಪ್ಪಿದ್ದ ಮಿತಿ ಶೇ 40ರ ಎರಡು ಪಟ್ಟಿಗಿಂತಲೂ ಮೇಲಿತ್ತು. ಆ ಕಾನೂನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೂ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಆಕ್ಷೇಪಿಸಿತು, ಸಾಲದ ಕಾರ್ಯಕ್ರಮ ನಡೆಯುತ್ತಿತ್ತು, ಕೆಲವೇ ವಾರಗಳಲ್ಲಿ ಸುಂಕ ಹಿಂದಿನ ಮಟ್ಟಕ್ಕೆ ಇಳಿಯಿತು. ವ್ಯಾಪಾರ ಸಚಿವಾಲಯ ಡಬ್ಲ್ಯುಟಿಒ ಇರುವ ಜಿನೀವಾದಲ್ಲಿ ಉಳಿಸಿಕೊಂಡದ್ದನ್ನು ಹಣಕಾಸು ಸಚಿವಾಲಯ ಐಎಂಎಫ್ ಇರುವ ವಾಷಿಂಗ್ಟನ್‌ನಲ್ಲಿ ಬಿಟ್ಟುಕೊಡುವ ಈ ರೋಗ ಎಷ್ಟೋ ದೇಶಗಳಲ್ಲಿದೆ. ಎರಡೂ ಸಚಿವಾಲಯಗಳ ಕಡತ ಒಂದೇ ಮೇಜಿನ ಮೇಲೆ ಇರಬೇಕು ಎಂದು ನಾವು ಹೇಳುವುದು ಇದಕ್ಕೇ.

ಹೈಟಿಯ ಕಥೆ ಇನ್ನೂ ದಾರುಣ. 1980ರ ದಶಕದ ಆರಂಭದವರೆಗೆ ತನಗೆ ಬೇಕಾದ ಅಕ್ಕಿಯನ್ನು ಬಹುಮಟ್ಟಿಗೆ ತಾನೇ ಬೆಳೆಯುತ್ತಿದ್ದ ದೇಶವದು. 1995ರ ಹೊತ್ತಿಗೆ ಸಾಲದಾತರ ಒತ್ತಡದಲ್ಲಿ ಅಕ್ಕಿಯ ಸುಂಕ ಶೇ 3ಕ್ಕೆ ಇಳಿಯಿತು. ಸಬ್ಸಿಡಿ ಪಡೆದ ಅಮೆರಿಕದ ಅಕ್ಕಿ ತುಂಬಿತು. ಕೆಲವು ವರ್ಷ ನಗರದ ಬಡವರಿಗೆ ಅದು ನಿಜವಾಗಿಯೂ ಅಗ್ಗವಾಗಿತ್ತು, ಇದನ್ನು ಮುಚ್ಚಿಡಬಾರದು. 2008ರಲ್ಲಿ ವಿಶ್ವದ ಅಕ್ಕಿಬೆಲೆ ಹಾರಿತು, ರಫ್ತು ಮಾಡುವ ದೇಶಗಳು ಒಂದರ ಹಿಂದೆ ಒಂದು ರಫ್ತಿಗೆ ತಡೆ ಹಾಕಿದವು. ಏಪ್ರಿಲ್‌ನಲ್ಲಿ ಹೈಟಿಯ ಬೀದಿಗಳಲ್ಲಿ ಹಸಿವಿನ ದಂಗೆ ನಡೆದು ಪ್ರಧಾನಿ ಪದಚ್ಯುತರಾದರು. ಆ ದರ ಇಳಿಸಿದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತೆಂದು ಒಪ್ಪಿಕೊಂಡರು. ತಮ್ಮ ರಾಜ್ಯ ಅರ್ಕಾನ್ಸಾದ ಕೆಲವು ರೈತರಿಗೆ ಅದರಿಂದ ಒಳ್ಳೆಯದಾಗಿರಬಹುದು ಎಂದೂ ಹೇಳಿದರು. ಕ್ಷಮೆ ಕೇಳುವುದಕ್ಕೆ ಒಂದು ದಿನ ಸಾಕು. ಹೂಳು ತುಂಬಿದ ಕಾಲುವೆ, ಮಾರಿಹೋದ ಎತ್ತು, ಊರು ಬಿಟ್ಟು ನಗರದ ಗುಡಿಸಲು ಸೇರಿದ ಕುಟುಂಬ, ಮಗನಿಗೆ ದಾಟದೆ ಹೋದ ಬೇಸಾಯದ ಅರಿವು, ಇವನ್ನು ಮರಳಿ ತರಲು ಸುಂಕ ಏರಿಸಿದರೆ ಸಾಲದು. ಸುಂಕವನ್ನು ಒಂದು ಅಧಿಸೂಚನೆಯಿಂದ ಏರಿಸಬಹುದು, ಕೃಷಿಯನ್ನು ಅಧಿಸೂಚನೆಯಿಂದ ಎಬ್ಬಿಸಲಾಗದು. ಹಿಂದೆ ಸರಿಯುವ ಹಕ್ಕು ಬೇಗ ಬಳಸುವಂತಿರಬೇಕು ಎನ್ನುವುದು ಇದೇ ಕಾರಣಕ್ಕೆ.

‘ಅದಕ್ಕೇ ಡಬ್ಲ್ಯುಟಿಒದ ಸುರಕ್ಷತಾ ಕ್ರಮದ ಒಪ್ಪಂದ ಇದೆಯಲ್ಲ’ ಎಂದು ಎದುರು ಪಕ್ಷದವರು ಹೇಳುತ್ತಾರೆ. ಹೌದು, ಇದೆ. ಆಮದು ದಿಢೀರನೆ ಏರಿದರೆ ತಾತ್ಕಾಲಿಕವಾಗಿ 200 ದಿನ, ಪೂರ್ಣ ಪ್ರಮಾಣದಲ್ಲಿ ನಾಲ್ಕು ವರ್ಷ, ವಿಸ್ತರಿಸಿದರೆ ಎಂಟು, ಅಭಿವೃದ್ಧಿಶೀಲ ದೇಶಕ್ಕೆ ಹತ್ತು ವರ್ಷದವರೆಗೂ ಸುಂಕ ಏರಿಸಬಹುದು. ಆದರೆ ಮೊದಲು ವಿಚಾರಣೆ ನಡೆಸಿ ‘ಗಂಭೀರ ಹಾನಿ’ಯನ್ನೂ, ಆ ಹಾನಿಗೆ ಆಮದೇ ಕಾರಣ ಎಂಬುದನ್ನೂ ಸಾಬೀತು ಮಾಡಬೇಕು. ಅದಕ್ಕೆ ಬೇಕಾದದ್ದು ಉತ್ಪಾದನೆ, ಮಾರಾಟ, ಸಾಮರ್ಥ್ಯದ ಬಳಕೆ, ಲಾಭ-ನಷ್ಟ, ಉದ್ಯೋಗ ಇವುಗಳ ಹಲವು ವರ್ಷಗಳ ಅಂಕಿಅಂಶ. ಉಕ್ಕಿನ ಕಂಪನಿಗೆ ಲೆಕ್ಕಪತ್ರ ಇರುತ್ತದೆ, ವಕೀಲರಿರುತ್ತಾರೆ. ಎರಡು ಎಕರೆಯ ಹತ್ತು ಲಕ್ಷ ರೈತರಿಗೆ ಯಾವ ಲೆಕ್ಕಪುಸ್ತಕ? ಅವರ ಹಾನಿ ಕಣ್ಣಿಗೆ ಕಾಣುತ್ತದೆ, ಕಡತದಲ್ಲಿ ಕಾಣುವುದಿಲ್ಲ. ವಿಚಾರಣೆ ಮುಗಿಯುವಷ್ಟರಲ್ಲಿ ಎರಡು ಸುಗ್ಗಿ ಕಳೆದಿರುತ್ತದೆ.

ಹಾಗಾಗಿ ಬೆಳೆ, ಹಾಲು, ಕೋಳಿಗಳಿಗೆ ಬೇಕಾದದ್ದು ಹಾನಿಯ ಸಾಕ್ಷ್ಯ ಕೇಳದೆ, ಪ್ರಮಾಣ ಮೀರಿದ ಕೂಡಲೇ ತಾನಾಗಿ ಚಾಲೂ ಆಗುವ ರಕ್ಷಣೆ. ಹಿಂದಿನ ಮೂರು ವರ್ಷದ ಸರಾಸರಿ ಆಮದಿಗಿಂತ ಇಷ್ಟು ಶೇಕಡಾ ಹೆಚ್ಚಾದರೆ ಸುಂಕ ಇಷ್ಟು ಏರುತ್ತದೆ ಎಂದು ಒಪ್ಪಂದದಲ್ಲೇ ಬರೆದಿರಬೇಕು. 2008ರ ಜುಲೈನಲ್ಲಿ ಜಿನೀವಾದಲ್ಲಿ ಡಬ್ಲ್ಯುಟಿಒದ ದೋಹಾ ಸುತ್ತಿನ ಮಾತುಕತೆ ಮುರಿದುಬಿದ್ದದ್ದು ಬಹುಪಾಲು ಇದೇ ಅಂಕಿಯ ಮೇಲೆ. ಮುಂದಿಟ್ಟ ಕರಡಿನಲ್ಲಿ ಹಳೆಯ ಬದ್ಧ ಮಿತಿ ಮೀರಿ ಸುಂಕ ಏರಿಸಲು ಆಮದು ಆ ಸರಾಸರಿಯ ಶೇ 140 ಮುಟ್ಟಬೇಕಿತ್ತು. ಭಾರತ ಮತ್ತು ಜೊತೆಯ ದೇಶಗಳು ಕೇಳಿದ್ದು ಶೇ 110ರ ಆಸುಪಾಸು. ಮೂವತ್ತು ಅಂಶಕ್ಕಾಗಿ ಜಗತ್ತಿನ ಒಪ್ಪಂದವನ್ನೇ ಕೆಡಿಸಿದರು ಎಂದು ಆಗ ಬೈದವರು ಬಹಳ. ಆ ಮೂವತ್ತು ಅಂಶ ಸಣ್ಣದಲ್ಲ. ಆಮದು ಶೇ 40 ಏರಿದೆ ಎಂದು ಕಸ್ಟಮ್ಸ್ ಅಂಕಿಯಲ್ಲಿ ಕಾಣುವ ಹೊತ್ತಿಗೆ ಸುಗ್ಗಿಯ ಬೆಲೆ ಕುಸಿದು, ರೈತ ಮಾರಿಯಾಗಿರುತ್ತದೆ. ಎಷ್ಟೋ ದೇಶಗಳಲ್ಲಿ ಆಮದಿನ ಅಂಕಿ ಸಾಲುವಾರಾಗಿ ಹೊರಬೀಳುವುದೇ ಮೂರು-ನಾಲ್ಕು ತಿಂಗಳು ತಡವಾಗಿ. ಪ್ರಚೋದಕ ಅಂಕಿಯ ಬಗ್ಗೆ ಚೌಕಾಸಿಗೆ ಕೂರುವ ಮೊದಲು ನಿಮ್ಮ ಕಸ್ಟಮ್ಸ್ ಇಲಾಖೆ ಹದಿನೈದು ದಿನದೊಳಗೆ ಆರಂಕಿಯ ಮಟ್ಟದ ಅಂಕಿ ಕೊಡಬಲ್ಲುದೇ ಎಂದು ನೋಡಿ. ಕೊಡಲಾಗದಿದ್ದರೆ ಶೇ 110 ಎಂದು ಬರೆಸಿಕೊಂಡರೂ ಅದು ಕಾಗದದ ಗುರಾಣಿ.

ಈಗ ಹೂಡಿಕೆ ಒಪ್ಪಂದಗಳು. ನಮ್ಮ ನಿಲುವು ಇಲ್ಲಿ ಇನ್ನೂ ಗಟ್ಟಿ, ಏಕೆಂದರೆ ಇವುಗಳಿಗೆ ಸಹಿ ಬೀಳುವುದು ಸಾಮಾನ್ಯವಾಗಿ ಗಣ್ಯರ ಭೇಟಿಯ ವೇಳೆ, ಫೋಟೊಗಾಗಿ. ಹತ್ತು-ಹನ್ನೆರಡು ಪುಟ, ಮೆತ್ತನೆಯ ಮಾತು. ಅದರಲ್ಲಿ ‘ನ್ಯಾಯೋಚಿತ ಮತ್ತು ಸಮಾನ ಉಪಚಾರ’ ಎಂಬ ನಾಲ್ಕು ಪದಗಳಿರುತ್ತವೆ. ಇದಕ್ಕೆ ಯಾರು ತಾನೇ ಬೇಡ ಎನ್ನುತ್ತಾರೆ? ಆದರೆ ಈ ಮಾತು ಮುರಿಯಿತೆಂದು ವಿದೇಶಿ ಹೂಡಿಕೆದಾರ ಸರಕಾರದ ಮೇಲೆ ದಾವೆ ಹೂಡಿದಾಗ ಇದರ ಅರ್ಥ ತೀರ್ಮಾನಿಸುವವರು ನಿಮ್ಮ ನ್ಯಾಯಾಲಯದವರಲ್ಲ, ಮೂವರು ಖಾಸಗಿ ಮಧ್ಯಸ್ಥಗಾರರು. ಅವರ ತೀರ್ಪಿಗೆ ಮೇಲ್ಮನವಿ ಇಲ್ಲ, ಒಂದು ತೀರ್ಪು ಇನ್ನೊಂದನ್ನು ಕಟ್ಟಿಹಾಕುವುದೂ ಇಲ್ಲ. 2002ರ ಜನವರಿಯಲ್ಲಿ ಅರ್ಜೆಂಟೀನಾದ ಪೆಸೊ ಡಾಲರಿನಿಂದ ಕಳಚಿತು. ಡಾಲರಿಗೆ ಕಟ್ಟಿದ್ದ ಅನಿಲ, ವಿದ್ಯುತ್, ನೀರಿನ ದರಗಳನ್ನು ಸರಕಾರ ಪೆಸೊಗೆ ಬದಲಿಸಿತು. ಬದಲಿಸದಿದ್ದರೆ ಜನರ ಬಿಲ್ಲು ಕೆಲವೇ ತಿಂಗಳಲ್ಲಿ ಮೂರು ಪಟ್ಟು ಆಗುತ್ತಿತ್ತು. ವಿದೇಶಿ ಹೂಡಿಕೆದಾರರಿಂದ ನಲವತ್ತಕ್ಕೂ ಹೆಚ್ಚು ದಾವೆ ಬಂದವು. ಸಿಎಂಎಸ್ ಎಂಬ ಕಂಪನಿಯ ಪ್ರಕರಣದಲ್ಲಿ 2005ರಲ್ಲಿ ಮಧ್ಯಸ್ಥಿಕೆ ಮಂಡಳಿ ‘ಅನಿವಾರ್ಯ ಪರಿಸ್ಥಿತಿ’ಯ ವಾದ ತಳ್ಳಿಹಾಕಿ ಸುಮಾರು 13.3 ಕೋಟಿ ಡಾಲರ್ ಪರಿಹಾರ ವಿಧಿಸಿತು. ಮರುವರ್ಷ ಎಲ್‌ಜಿ ಅಂಡ್ ಇ ಎಂಬ ಕಂಪನಿಯ ಪ್ರಕರಣದಲ್ಲಿ ಇನ್ನೊಂದು ಮಂಡಳಿ ಅದೇ ಬಿಕ್ಕಟ್ಟನ್ನು, ಅದೇ ಒಪ್ಪಂದವನ್ನು ನೋಡಿ, ಸುಮಾರು ಒಂದೂವರೆ ವರ್ಷದ ಅವಧಿಗೆ ಅನಿವಾರ್ಯತೆ ಇತ್ತು ಎಂದು ಒಪ್ಪಿತು. ಒಂದೇ ದೇಶ, ಒಂದೇ ಕಲಮು, ಎರಡು ಉತ್ತರ.

ಪರಿಹಾರದ ಮೊತ್ತ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ನೋಡಿ. ಪಾಕಿಸ್ತಾನದ ರೆಕೊ ಡಿಕ್ ತಾಮ್ರ-ಚಿನ್ನದ ಗಣಿಗೆ 2011ರಲ್ಲಿ ಗುತ್ತಿಗೆ ನಿರಾಕರಿಸಿದಾಗ ಗಣಿ ಶುರುವೇ ಆಗಿರಲಿಲ್ಲ. ಕಂಪನಿ ಅಲ್ಲಿಯವರೆಗೆ ಖರ್ಚು ಮಾಡಿದ್ದು ಸುಮಾರು 22 ಕೋಟಿ ಡಾಲರ್. 2019ರ ಜುಲೈನಲ್ಲಿ ಮಂಡಳಿ ವಿಧಿಸಿದ್ದು ಬಡ್ಡಿ ಸೇರಿ ಸುಮಾರು 580 ಕೋಟಿ ಡಾಲರ್. ಅದೇ ತಿಂಗಳು ಐಎಂಎಫ್ ಇಡೀ ಪಾಕಿಸ್ತಾನಕ್ಕೆ 39 ತಿಂಗಳ ಅವಧಿಗೆ ಮಂಜೂರು ಮಾಡಿದ ಸಾಲ ಸುಮಾರು 600 ಕೋಟಿ. ಇಷ್ಟು ದೊಡ್ಡ ಅಂಕಿ ಬಂದದ್ದು, ಗಣಿ ಮುಂದಿನ ದಶಕಗಳಲ್ಲಿ ಗಳಿಸಬಹುದಾಗಿದ್ದ ಲಾಭವನ್ನು ಇಂದಿನ ಬೆಲೆಗೆ ಇಳಿಸಿ ಲೆಕ್ಕ ಹಾಕಿದ್ದರಿಂದ. ಇದಕ್ಕೆ ಮದ್ದು ಒಂದೇ ವಾಕ್ಯ: ‘ಪರಿಹಾರವು ಹೂಡಿಕೆದಾರರು ನಿಜವಾಗಿ ಖರ್ಚು ಮಾಡಿದ ಮೊತ್ತವನ್ನು ಮೀರತಕ್ಕದ್ದಲ್ಲ.’ ಈ ವಾಕ್ಯವನ್ನು ಎದುರು ಪಕ್ಷ ಒಪ್ಪದಿದ್ದರೆ ಅವರ ಮನಸ್ಸಿನಲ್ಲಿ ಏನಿದೆ ಎಂಬುದಾದರೂ ನಿಮಗೆ ತಿಳಿಯುತ್ತದೆ.

ಗೆದ್ದವರೂ ಸೋಲುತ್ತಾರೆ. ಸಿಗರೇಟು ಪೊಟ್ಟಣದ ಶೇ 80 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯ ಮಾಡಿದ ಉರುಗ್ವೆಯ ಮೇಲೆ ಫಿಲಿಪ್ ಮಾರಿಸ್ 2010ರಲ್ಲಿ ಸ್ವಿಟ್ಜರ್‌ಲೆಂಡ್ ಒಪ್ಪಂದದ ಅಡಿ ದಾವೆ ಹೂಡಿತು. 2016ರ ಜುಲೈನಲ್ಲಿ ಉರುಗ್ವೆ ಗೆದ್ದಿತು. ದಾವೆಯ ಖರ್ಚು ಅದಕ್ಕೆ ಒಂದು ಕೋಟಿ ಡಾಲರ್ ದಾಟಿತ್ತು. ಕಂಪನಿ ಕೊಡಬೇಕೆಂದು ಮಂಡಳಿ ಹೇಳಿದ್ದು 70 ಲಕ್ಷ. ಆ ಆರು ವರ್ಷ ಅಂಥದೇ ಕಾನೂನು ಮಾಡಬೇಕೆಂದಿದ್ದ ಎಷ್ಟು ದೇಶಗಳು ‘ತೀರ್ಪು ಬರಲಿ, ನೋಡೋಣ’ ಎಂದು ಕಾದು ಕುಳಿತಿರಬಹುದು ಎಂದು ಯೋಚಿಸಿ.

ಹಿಂದೆ ಸರಿಯುವ ಹಕ್ಕು ಇಲ್ಲಿ ಎರಡು ಕಡೆ ಸೋರುತ್ತದೆ. ಒಂದು, ‘ಅತ್ಯಂತ ಆಪ್ತ ರಾಷ್ಟ್ರ’ ಕಲಮು: ಬೇರೆ ದೇಶದ ಹೂಡಿಕೆದಾರರಿಗೆ ಕೊಟ್ಟ ಸವಲತ್ತನ್ನು ಈ ದೇಶದವರಿಗೂ ಕೊಡಬೇಕು ಎಂಬುದು. ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿ ಭಾರತದ ನ್ಯಾಯಾಲಯಗಳ ವಿಳಂಬದ ಬಗ್ಗೆ ದಾವೆ ಹೂಡಿ 2011ರಲ್ಲಿ ಗೆದ್ದಿತು. ಗೆಲ್ಲಲು ಬೇಕಾದ ಕಲಮು ಆಸ್ಟ್ರೇಲಿಯಾದ ಒಪ್ಪಂದದಲ್ಲಿ ಇರಲೇ ಇಲ್ಲ. ಕುವೈತ್ ಜೊತೆಗಿನ ಒಪ್ಪಂದದಿಂದ ಎರವಲು ತಂದಿತು. ಒಂದು ಒಪ್ಪಂದದಲ್ಲಿ ಎಡವಿದರೆ ಎಲ್ಲ ಒಪ್ಪಂದಗಳಲ್ಲೂ ಎಡವಿದಂತೆ. ಭಾರತ ಆಮೇಲೆ 2015ರ ಮಾದರಿ ಕರಡಿನಲ್ಲಿ ಈ ಕಲಮನ್ನೇ ಕೈಬಿಟ್ಟಿತು, ತೆರಿಗೆಯನ್ನು ವ್ಯಾಪ್ತಿಯಿಂದ ಹೊರಗಿಟ್ಟಿತು, ಮಧ್ಯಸ್ಥಿಕೆಗೆ ಹೋಗುವ ಮೊದಲು ಐದು ವರ್ಷ ದೇಶದೊಳಗಿನ ನ್ಯಾಯಾಲಯದಲ್ಲಿ ಪರಿಹಾರ ಹುಡುಕಬೇಕೆಂದು ಬರೆಯಿತು, ಹಳೆಯ ಹತ್ತಾರು ಒಪ್ಪಂದಗಳನ್ನು ಕೊನೆಗೊಳಿಸಿತು. ಇನ್ನೊಂದು ಸೋರಿಕೆ, ಒಪ್ಪಂದ ಸತ್ತ ಮೇಲೂ ಹತ್ತು, ಹದಿನೈದು, ಇಪ್ಪತ್ತು ವರ್ಷ ಜೀವ ಹಿಡಿದಿರುವ ‘ಉಳಿಕೆ ಕಲಮು’. ಏಕಪಕ್ಷೀಯವಾಗಿ ರದ್ದು ಮಾಡಿದರೆ ಅದು ಚಾಲೂ ಆಗುತ್ತದೆ. ಎದುರು ದೇಶ ಒಪ್ಪಿದರೆ ದಾರಿಯಿದೆ, ಆದರೆ ಕ್ರಮ ತಪ್ಪಬಾರದು: ಮೊದಲು ತಿದ್ದುಪಡಿ ಮಾಡಿ ಉಳಿಕೆ ಕಲಮನ್ನು ಅಳಿಸಿ, ಆಮೇಲೆ ಒಪ್ಪಂದವನ್ನು ಕೊನೆಗೊಳಿಸಿ. ಚೆಕ್ ಗಣರಾಜ್ಯ ಕೆಲವು ಒಪ್ಪಂದಗಳನ್ನು ಹೀಗೆಯೇ ಮುಗಿಸಿತು.

ಇಂಥ ಒಪ್ಪಂದ ಇಲ್ಲದಿದ್ದರೆ ವಿದೇಶಿ ಬಂಡವಾಳ ಬರುವುದಿಲ್ಲ ಎಂದು ನಿಮ್ಮನ್ನು ಹೆದರಿಸುತ್ತಾರೆ. ಬ್ರೆಜಿಲ್‌ನಲ್ಲಿ ಹೂಡಿಕೆದಾರ ನೇರವಾಗಿ ಸರಕಾರದ ಮೇಲೆ ದಾವೆ ಹೂಡುವ ಯಾವ ಒಪ್ಪಂದವೂ ಎಂದೂ ಜಾರಿಗೆ ಬಂದಿಲ್ಲ. ದಶಕಗಳಿಂದ ಅತಿ ಹೆಚ್ಚು ವಿದೇಶಿ ಹೂಡಿಕೆ ಪಡೆದ ಅಭಿವೃದ್ಧಿಶೀಲ ದೇಶಗಳ ಸಾಲಿನಲ್ಲಿ ಅದೂ ಇದೆ. ಅಮೆರಿಕ ಮತ್ತು ಕೆನಡಾ ಕೂಡ 2020ರ ಜುಲೈನಲ್ಲಿ ಜಾರಿಯಾದ ಹೊಸ ಒಪ್ಪಂದದಲ್ಲಿ ತಮ್ಮಿಬ್ಬರ ನಡುವೆ ಈ ಏರ್ಪಾಡನ್ನು ತೆಗೆದುಹಾಕಿವೆ.

ಬಿಸಿ ಹಣದ, ಅಂದರೆ ಬೇಗ ಲಾಭ ಮಾಡಿಕೊಂಡು ಓಡಲು ಬರುವ ಹೊರಗಿನ ಹಣದ ವಿಷಯದಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳಬೇಕು. 1991ರಲ್ಲಿ ಚಿಲಿ ಒಂದು ನಿಯಮ ತಂದಿತು, 1992ರಲ್ಲಿ ಬಿಗಿ ಮಾಡಿತು: ಹೊರಗಿನಿಂದ ತಂದ ಹಣದ ಶೇ 30 ಭಾಗ ಒಂದು ವರ್ಷ ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕಿನಲ್ಲಿ ಇರಬೇಕು. 100 ತಂದರೆ 30 ಕಟ್ಟಿಬಿದ್ದಿತು, ಕೈಗೆ 70. ಬಡ್ಡಿ ಶೇ 6 ಎಂದುಕೊಂಡರೆ 30ರ ಮೇಲೆ ಕಳೆದುಕೊಂಡದ್ದು 1.8, ಅಂದರೆ ಕೈಯಲ್ಲಿರುವ 70ರ ಸುಮಾರು ಶೇ 2.6. ಐದು ವರ್ಷ ಇರುವ ಹಣಕ್ಕೆ ಇದು ವರ್ಷಕ್ಕೆ ಶೇ 0.5, ಗಮನಕ್ಕೂ ಬಾರದು. ಒಂದೇ ತಿಂಗಳಿಗೆ ಬಂದು ಓಡುವ ಹಣಕ್ಕೆ ವಾರ್ಷಿಕ ಲೆಕ್ಕದಲ್ಲಿ ಶೇ 31. ಕಾರ್ಖಾನೆ ಕಟ್ಟುವವನನ್ನು ಮುಟ್ಟದೆ, ಜೂಜಿಗೆ ಬಂದವನನ್ನು ಬಾಗಿಲಲ್ಲೇ ತಡೆಯುವ ಜಾಣತನ ಇದರಲ್ಲಿದೆ. ಒಟ್ಟು ಹರಿವು ಬಹಳ ಕಡಿಮೆಯಾಗಲಿಲ್ಲ, ಅವಧಿ ಉದ್ದವಾಯಿತು. ಅದೇ ಶೇ 30ರ ನಿಯಮವನ್ನು ಥಾಯ್ಲೆಂಡ್ 2006ರ ಡಿಸೆಂಬರ್ 18ರಂದು ತಂದಾಗ ಮರುದಿನ ಷೇರುಪೇಟೆ ಶೇ 15ರಷ್ಟು ಕುಸಿಯಿತು. ಷೇರು ಹೂಡಿಕೆಗೆ ತಕ್ಷಣ ವಿನಾಯಿತಿ ಕೊಡಬೇಕಾಯಿತು. ನಿಯಮದ ದೋಷ ಅದಲ್ಲ. ಹರಿವು ಉಕ್ಕಿದ ಮೇಲೆ, ಯಾವುದಕ್ಕೆ ಅನ್ವಯ ಎಂದು ವಿಂಗಡಿಸದೆ, ಎಲ್ಲದರ ಮೇಲೂ ಏಕಕಾಲಕ್ಕೆ ಹಾಕಿದ್ದರಿಂದ ಹಾಗಾಯಿತು. ಮಲೇಷ್ಯಾ 1998ರ ಸೆಪ್ಟೆಂಬರ್ 1ರಂದು ಹೊರಹರಿವಿಗೆ ತಡೆ ಹಾಕಿದಾಗ ಛೀಮಾರಿ ಹಾಕಿದವರು ಬಹಳ. 2012ರಲ್ಲಿ ಐಎಂಎಫ್ ತಾನೇ ಇಂಥ ಕ್ರಮಗಳಿಗೆ ಕೆಲವು ಸಂದರ್ಭಗಳಲ್ಲಿ ಸ್ಥಾನವಿದೆ ಎಂದು ಒಪ್ಪಿತು. ಆದರೆ ಐಎಂಎಫ್ ಒಪ್ಪಿದರೆ ಸಾಲದು. ಹಣವನ್ನು ತಡೆಯಿಲ್ಲದೆ ಒಳಗೆ-ಹೊರಗೆ ಸಾಗಿಸಲು ಬಿಡಬೇಕೆನ್ನುವ, ವ್ಯಾಪಾರ ಒಪ್ಪಂದದ ‘ಮುಕ್ತ ವರ್ಗಾವಣೆ’ ಕಲಮಿನಲ್ಲಿ ಬಿಕ್ಕಟ್ಟಿನ ವಿನಾಯಿತಿ ಇಲ್ಲದಿದ್ದರೆ ಹೂಡಿಕೆದಾರ ದಾವೆ ಹೂಡಬಹುದು. ಚಿಲಿಯಂಥ ಚಿಲಿಯೇ 2003ರಲ್ಲಿ ಅಮೆರಿಕದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ತನ್ನ ಈ ಸಾಧನಕ್ಕೆ ಮಿತಿಗಳನ್ನು ಒಪ್ಪಿಕೊಳ್ಳಬೇಕಾಯಿತು.

ಔಷಧಿಯ ಬಗ್ಗೆ ಚಿಕ್ಕದಾಗಿ. ಡಬ್ಲ್ಯುಟಿಒದ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ ಪೇಟೆಂಟ್ ಅವಧಿ 20 ವರ್ಷ, ಜೊತೆಗೆ ಕಡ್ಡಾಯ ಪರವಾನಗಿಯ, ಅಂದರೆ ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆ ಬೇರೆಯವರು ತಯಾರಿಸಲು ಸರಕಾರ ಅನುಮತಿ ಕೊಡುವ ದಾರಿಯೂ ಇದೆ. ಸ್ವಂತ ಔಷಧ ಕಾರ್ಖಾನೆ ಇಲ್ಲದ ದೇಶಗಳಿಗಾಗಿ 2003ರ ಆಗಸ್ಟ್ 30ರಂದು ಮಾಡಿದ ವಿಶೇಷ ಏರ್ಪಾಡನ್ನು ರುವಾಂಡಾ ಬಳಸಿ ಕೆನಡಾದಿಂದ ಏಡ್ಸ್ ಮಾತ್ರೆ ತರಿಸಿತು. 2007ರ ಜುಲೈನಲ್ಲಿ ಅರ್ಜಿ, 2008ರ ಸೆಪ್ಟೆಂಬರ್‌ನಲ್ಲಿ ಮೊದಲ ಕಂತು. ಮಾತ್ರೆ ತಯಾರಿಸಿದ ಕಂಪನಿ ಇನ್ನೊಮ್ಮೆ ಆ ದಾರಿ ಹಿಡಿಯಲಿಲ್ಲ. ಇರುವ ದಾರಿಯೇ ಇಷ್ಟು ಇಕ್ಕಟ್ಟು. ದ್ವಿಪಕ್ಷೀಯ ಒಪ್ಪಂದಗಳು ಅದನ್ನೂ ಮುಚ್ಚುತ್ತವೆ. ‘ದತ್ತಾಂಶದ ಏಕಸ್ವಾಮ್ಯ’ ಎಂಬ ಪದ ಕಂಡ ಕಡೆ ಪೆನ್ನು ಕೆಳಗಿಡಿ. ಪೇಟೆಂಟ್ ಇಲ್ಲದ ಔಷಧಿಗೂ, ಕಡ್ಡಾಯ ಪರವಾನಗಿ ಕೊಟ್ಟ ಔಷಧಿಗೂ, ಮೂಲ ಕಂಪನಿಯ ಪ್ರಯೋಗದ ದತ್ತಾಂಶ ಆಧರಿಸಿ ಸಾಮಾನ್ಯವಾಗಿ ಐದು ವರ್ಷ ಅನುಮತಿ ಕೊಡದಂತೆ ಅದು ನಿಮ್ಮ ಔಷಧ ನಿಯಂತ್ರಕರ ಕೈ ಕಟ್ಟುತ್ತದೆ. ಪರವಾನಗಿ ಕೊಡುವ ಅಧಿಕಾರ ಉಳಿದಿರುತ್ತದೆ, ಮಾತ್ರೆ ಅಂಗಡಿಗೆ ಬರುವುದಿಲ್ಲ.

ಸೇವಾ ವಲಯದಲ್ಲಿ ಹುಡುಕಬೇಕಾದದ್ದು ‘ರ‍್ಯಾಚೆಟ್’ ಎಂಬ ಕಲಮು. ಹಲ್ಲುಚಕ್ರದಂತೆ ಒಂದೇ ದಿಕ್ಕಿಗೆ ತಿರುಗುತ್ತದೆ. ನಾಳೆ ನಿಮ್ಮ ಸರಕಾರ ಪ್ರಯೋಗಕ್ಕೆಂದು ನೀರು ಸರಬರಾಜನ್ನೋ ವಿಮೆಯನ್ನೋ ತಾನಾಗಿ ತೆರೆದರೆ, ಆ ತೆರೆಯುವಿಕೆ ತಂತಾನೇ ಒಪ್ಪಂದದ ಬದ್ಧತೆಯಾಗುತ್ತದೆ. ಪ್ರಯೋಗ ಸೋತರೂ ಹಿಂದಕ್ಕೆ ತಿರುಗಿಸಲಾಗದು. ಬೊಲಿವಿಯಾದ ಕೊಚಬಂಬಾದಲ್ಲಿ 2000ದಲ್ಲಿ ನೀರಿನ ದರ ಏರಿದಾಗ ಜನ ಬೀದಿಗಿಳಿದು ಖಾಸಗಿ ಗುತ್ತಿಗೆ ರದ್ದಾಯಿತು. ಕಂಪನಿ ನೆದರ್‌ಲೆಂಡ್ಸ್ ಒಪ್ಪಂದದ ಅಡಿ ಹೂಡಿದ ದಾವೆ 2006ರ ಜನವರಿಯಲ್ಲಿ ಎರಡು ಬೊಲಿವಿಯಾನೊಗಳ ಸಾಂಕೇತಿಕ ಮೊತ್ತಕ್ಕೆ ಮುಗಿಯಿತು. ಜಗತ್ತಿನಾದ್ಯಂತ ಪ್ರತಿಭಟನೆ ಎದ್ದು ಒತ್ತಡ ಬಂದದ್ದರಿಂದ ಹಾಗಾಯಿತು, ಒಪ್ಪಂದದ ಪಠ್ಯದಿಂದಲ್ಲ. ಪ್ರತಿ ಸಲ ಜಗತ್ತು ಎದ್ದು ನಿಲ್ಲುತ್ತದೆ ಎಂದು ನಂಬಿ ಸಹಿ ಹಾಕಲಾಗದು.

ಕಾರ್ಮಿಕರ ಸುರಕ್ಷತೆ, ತೆರಿಗೆ ತಪ್ಪಿಸುವ ಲೆಕ್ಕಪತ್ರ, ವಿದೇಶಿ ಸಾಲಪತ್ರದ ಕಲಮುಗಳು, ಇವಕ್ಕೆ ಬೇರೆಯೇ ಪತ್ರ ಬೇಕು. ಇಲ್ಲಿ ಮುಗಿಸುವ ಮುನ್ನ ನಿಮ್ಮಿಂದ ಕೇಳುವುದೊಂದಿದೆ. ಮುಂದಿನ ಸುತ್ತಿನ ಮಾತುಕತೆಗೆ ಹೊರಡುವ ಮೊದಲು, ಕರಡಿನ ಪ್ರತಿ ಕಲಮಿಗೂ ಒಂದೊಂದು ಹಾಳೆ ಸಿದ್ಧವಾಗಲಿ. ಅದರಲ್ಲಿ ಮೂರೇ ಪ್ರಶ್ನೆ: ಈ ಕಲಮಿನಿಂದ ಹಿಂದೆ ಸರಿಯಬೇಕಾದರೆ ಯಾರ ಒಪ್ಪಿಗೆ ಬೇಕು? ಎಷ್ಟು ವರ್ಷ ಹಿಡಿಯುತ್ತದೆ? ಗರಿಷ್ಠ ಎಷ್ಟು ಹಣ ಕೊಡಬೇಕಾಗಬಹುದು? ಉತ್ತರವನ್ನು ವ್ಯಾಪಾರ ಸಚಿವಾಲಯ ಒಂದೇ ಬರೆಯಕೂಡದು. ಹಣಕಾಸು, ಕೃಷಿ, ಆರೋಗ್ಯ, ಕಸ್ಟಮ್ಸ್ ಇಲಾಖೆಗಳ ಸಹಿಯೂ ಇರಲಿ. ಆ ಹಾಳೆಗಳು ಜನರಾಡುವ ಭಾಷೆಯಲ್ಲಿ, ಸಹಿಗೆ ಕನಿಷ್ಠ ಅರವತ್ತು ದಿನ ಮೊದಲು, ಶಾಸನಸಭೆಯ ಮೇಜಿನ ಮೇಲೆ ಇರಲಿ. ಯಾವ ಕಲಮಿನ ಹಾಳೆಯಲ್ಲಿ ‘ತಿಳಿದಿಲ್ಲ’ ಎಂಬ ಉತ್ತರ ಇರುತ್ತದೋ, ಆ ಕಲಮಿಗೆ ಅಂದು ನಿಮ್ಮ ಮೊದಲಕ್ಷರವನ್ನೂ ಹಾಕಬೇಡಿ.

ಇಂತಿ,
ಒಪ್ಪಂದಗಳ ಕಲಮು ಓದುವ ಕೆಲವರು